ಹಗ್ಗ ಕಟ್ಟದೆ ಹಿಮನದಿಯ ಮೇಲೆ ನಡೆಯಬಹುದೇ?

ಪ್ರಶ್ನೆ: ನಮಸ್ಕಾರ. ಸೆಪ್ಟೆಂಬರ್ ಮೊದಲ ವಾರ ನಾವು ಮೂವರು ಐಸ್‌ಲ್ಯಾಂಡ್‌ಗೆ ಹೊರಟಿದ್ದೇವೆ. ಮಗಳ ಹಟಕ್ಕೆ ಸೋಲ್ಹೇಮಾಯೋಕುಲ್ ಎಂಬ ಹಿಮನದಿಯ ಮೇಲೆ ಗೈಡ್ ಜೊತೆ ಮೂರು ಗಂಟೆಯ ನಡಿಗೆಗೆ ಹಣ ಕಟ್ಟಿದ್ದಾಗಿದೆ. ನನಗೆ 54 ವರ್ಷ. ಎರಡು ವರ್ಷದ ಹಿಂದೆ ಎಡ ಮೊಣಕಾಲಿನ ಮೆನಿಸ್ಕಸ್ (ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಹರಿದಿತ್ತು. ಶಸ್ತ್ರಚಿಕಿತ್ಸೆ ಮಾಡಿಸಲಿಲ್ಲ, ವ್ಯಾಯಾಮದಲ್ಲೇ ಸುಧಾರಿಸಿದೆ. ಸಮತಟ್ಟಾದ ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತೇನೆ, ಮೆಟ್ಟಿಲು ಇಳಿಯುವಾಗ ಮಾತ್ರ ಅಳುಕು. ನಮ್ಮ ಯಜಮಾನರು ಒಂದು ವಿಡಿಯೊ ತೋರಿಸಿದರು. ನಡೆಯುತ್ತಿದ್ದ ಮನುಷ್ಯ ನೋಡನೋಡುತ್ತಲೇ ಹಿಮದೊಳಗೆ ಕುಸಿದು ಕಾಣೆಯಾಗುತ್ತಾನೆ. ಅಂದಿನಿಂದ ಅವರಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ನಡಿಗೆ ಏರ್ಪಡಿಸುವವರಿಗೆ ಬರೆದು ಕೇಳಿದೆ. 'ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿ) ಹಾಕಿಸುತ್ತೇವೆ, ಆದರೆ ಹಗ್ಗದಿಂದ ಒಬ್ಬರಿಗೊಬ್ಬರನ್ನು ಕಟ್ಟುವುದಿಲ್ಲ' ಎಂದರು. ಹಗ್ಗವೇ ಇಲ್ಲದ ಮೇಲೆ ಹಾರ್ನೆಸ್ ಏತಕ್ಕೆ? ಅಕ್ಕನ ಮಗ ಬೇರೆ, 'ಗೈಡ್‌ಗೆ ಕೊಡುವ ದುಡ್ಡು ದಂಡ, ಬೂಟಿಗೆ ಮುಳ್ಳಿನ ಪಟ್ಟಿ ಹಾಕಿಕೊಂಡು ನೀವೇ ಹೋಗಿಬನ್ನಿ' ಎನ್ನುತ್ತಾನೆ. ಮಗಳಿಗೆ ಹಿಮಗುಹೆಯನ್ನೂ ನೋಡುವ ಆಸೆ. ಆದರೆ ಫೋಟೊಗಳಲ್ಲಿ ಆ ಹಿಮನದಿ ಕಲ್ಲಿದ್ದಲ ರಾಶಿಯಂತೆ ಕಪ್ಪಗಿದೆಯಲ್ಲ, ಯಾಕೆ ಎಂದೂ ಕೇಳುತ್ತಿದ್ದಾಳೆ. ಹೋಗಲೇ, ಬಿಡಲೇ?

ಉತ್ತರ:

ಹೋಗಿ. ಹಿಮಗುಹೆಯನ್ನು ಮಾತ್ರ ಈ ಸಲ ಬಿಡಿ. ಮೊಣಕಾಲಿನ ವಿಷಯವನ್ನು ಗೈಡ್‌ನಿಂದ ಮುಚ್ಚಿಡಬೇಡಿ.

ಒಂಬತ್ತು ಬೇಸಿಗೆಗಳಲ್ಲಿ ಹಿಮನದಿಗಳ ಮೇಲೆ ಪ್ರವಾಸಿಗರ ಗುಂಪುಗಳನ್ನು ನಡೆಸಿದ್ದೇನೆ. ನಿಮ್ಮ ಯಜಮಾನರ ಭಯವನ್ನು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಹೊತ್ತು ತರುತ್ತಿದ್ದರು. ನಿಮ್ಮ ಮೊಣಕಾಲಿನಂಥ ಸಂಗತಿಯನ್ನು ಮಾತ್ರ ಹೆಚ್ಚಿನವರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ತಲೆನೋವು ತಂದದ್ದು ಯಾವಾಗಲೂ ಈ ಎರಡನೆಯದೇ.

ಮೊದಲು ಆ ವಿಡಿಯೊ. ನಾನು ಅದನ್ನು ನೋಡಿಲ್ಲ, ಆದರೂ ಒಂದು ಮಾತು ಪಣ ಕಟ್ಟಿ ಹೇಳುತ್ತೇನೆ: ಅದರಲ್ಲಿ ನೆಲ ಬೆಳ್ಳಗೆ, ನುಣುಪಾಗಿ, ಹಾಸಿದ ಹತ್ತಿಯ ಹಾಗೆ ಇದ್ದಿರಬೇಕು. ಹಿಮನದಿಗೆ ಎರಡು ಮುಖಗಳಿವೆ. ಎತ್ತರದಲ್ಲಿ, ಬೇಸಿಗೆಯಲ್ಲೂ ಕರಗಿ ಮುಗಿಯದಷ್ಟು ಹಿಮ ಬೀಳುವ ಕಡೆ, ಬಿರುಕುಗಳ ಬಾಯಿಯ ಮೇಲೆ ಹಿಮ ಚಾವಣಿಯಂತೆ ಕೂತುಬಿಡುತ್ತದೆ. ಕೆಳಗೆ ಟೊಳ್ಳು, ಮೇಲೆ ಸಮತಟ್ಟು. ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮನುಷ್ಯ ಕುಸಿದು ಕಾಣೆಯಾಗುವುದು ಅಲ್ಲಿ. ಕೆಳಭಾಗದಲ್ಲಿ, ಅದರಲ್ಲೂ ಬೇಸಿಗೆಯ ಕೊನೆಗೆ, ಆ ಹೊದಿಕೆ ಪೂರ್ತಿ ಕರಗಿ ಬರಿಯ ಮಂಜುಗಡ್ಡೆ ಉಳಿದಿರುತ್ತದೆ. ಬಿರುಕು ಇದ್ದರೆ ಬಿರುಕಾಗಿಯೇ ಕಣ್ಣಿಗೆ ಬೀಳುತ್ತದೆ. ಅದನ್ನು ದಾಟಬಹುದು, ಬಳಸಿಕೊಂಡು ಹೋಗಬಹುದು. ನಮ್ಮ ಕಸುಬಿನಲ್ಲಿ ಇದನ್ನು 'ಒಣ ಹಿಮನದಿ' ಎನ್ನುತ್ತಾರೆ. ಅದರ ಮೇಲೆ ನಿಂತರೆ ಎಲ್ಲ ದಿಕ್ಕಿನಲ್ಲೂ ನೀರು ಜುಳುಜುಳು ಹರಿಯುತ್ತಿರುತ್ತದೆ. ಹೆಸರಿಟ್ಟ ಪುಣ್ಯಾತ್ಮ ಅಲ್ಲಿಗೆ ಹೋಗಿದ್ದನೋ ಇಲ್ಲವೋ! ಸೆಪ್ಟೆಂಬರ್ ಮೊದಲ ವಾರ ನೀವು ನಡೆಯುವುದು ಈ ಎರಡನೆಯ ಮುಖದ ಮೇಲೆ.

ಹಗ್ಗದ ಲೆಕ್ಕಾಚಾರವೂ ಇಲ್ಲಿಂದಲೇ ಹೊರಡುತ್ತದೆ. ಹಿಮ ಹೊದ್ದ ಮೇಲ್ಭಾಗದಲ್ಲಿ ಹಗ್ಗ ಇಲ್ಲದೆ ನಡೆಯುವುದು ಹುಚ್ಚುತನ. ಒಬ್ಬರು ಬಿದ್ದರೆ ಹಗ್ಗ ಬಿರುಕಿನ ಅಂಚಿನ ಮೆತ್ತನೆಯ ಹಿಮವನ್ನು ಕೊರೆದು ಒಳಗೆ ಹೂತುಕೊಳ್ಳುತ್ತದೆ, ಎಳೆತದ ಅರ್ಧ ಬಲ ಅಲ್ಲೇ ಕಳೆಯುತ್ತದೆ. ಉಳಿದವರು ಹಿಂದಕ್ಕೆ ಬಾಗಿ, ಹಿಮ್ಮಡಿ ಊರಿ ತಡೆದು ನಿಲ್ಲಬಹುದು. ಗಟ್ಟಿ ಮಂಜುಗಡ್ಡೆಯಲ್ಲಿ ಈ ಅನುಕೂಲ ಇಲ್ಲ. ಹಗ್ಗ ಹೂತುಕೊಳ್ಳುವುದಿಲ್ಲ, ಹಿಮ್ಮಡಿ ನಾಟುವುದಿಲ್ಲ. ಇಳಿಜಾರಿನಲ್ಲಿ ಒಬ್ಬರು ಜಾರಿದರೆ ಹಿಂದಿನವರು, ಅವರ ಹಿಂದಿನವರು, ಹೀಗೆ ಇಡೀ ಸಾಲೇ ಹೊರಡುತ್ತದೆ. ಹಗ್ಗ ಒಬ್ಬರ ತಪ್ಪನ್ನು ಆರು ಜನರಿಗೆ ಹಂಚುತ್ತದೆ. ಸಾಲದ್ದಕ್ಕೆ, ಹೊಸಬರು ಕ್ರ್ಯಾಂಪಾನ್, ಅಂದರೆ ಬೂಟಿನಡಿಗೆ ಕಟ್ಟುವ ಉಕ್ಕಿನ ಚೌಕಟ್ಟಿನ ಮುಳ್ಳುಗಳಿಂದ ಆ ಹಗ್ಗವನ್ನೇ ತುಳಿದು ಎಡವುತ್ತಾರೆ. ಹಾಗಾಗಿ ಒಣ ಹಿಮನದಿಯ ಸುಲಭ ದಾರಿಯಲ್ಲಿ ಹಗ್ಗ ಕಟ್ಟದಿರುವುದು ನಿರ್ಲಕ್ಷ್ಯವಲ್ಲ, ಯೋಚಿಸಿ ಮಾಡಿದ ಆಯ್ಕೆ.

ಹಾಗಾದರೆ ಹಾರ್ನೆಸ್ ಏತಕ್ಕೆ? ಯಾರಾದರೂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಹಿಡಿದೆತ್ತಲು ಒಂದು ಹಿಡಿ ಬೇಕಲ್ಲ, ಅದಕ್ಕೆ. ಇಕ್ಕಟ್ಟಾದ ಬಿರುಕಿನಲ್ಲಿ ಹಾರ್ನೆಸ್ ಇಲ್ಲದ ಮನುಷ್ಯನಿಗೆ ಹಗ್ಗ ತೊಡಿಸುವುದು ಎಷ್ಟು ಕಷ್ಟ ಎಂಬುದನ್ನು ತರಬೇತಿಯಲ್ಲಿ ಒಮ್ಮೆ ಮಾಡಿ ನೋಡಿದವರು ಯಾರೂ ಮರೆಯುವುದಿಲ್ಲ. ಗೈಡ್‌ನ ಚೀಲದಲ್ಲಿ ಹಗ್ಗ, ಮಂಜುಗಡ್ಡೆಗೆ ತಿರುಪಿ ಹಾಕುವ ಐಸ್ ಸ್ಕ್ರೂಗಳು, ರಾಟೆ, ಕೊಕ್ಕೆ ಎಲ್ಲವೂ ಇರುತ್ತವೆ. ಆಳದ ಗುಂಡಿಯೊಂದನ್ನು ಇಣುಕಿ ತೋರಿಸಬೇಕಾದಾಗಲೂ ಮೊದಲು ಸ್ಕ್ರೂ ಹೊಡೆದು, ಹಗ್ಗ ಬಿಗಿದು, ಅದಕ್ಕೆ ನಿಮ್ಮ ಹಾರ್ನೆಸ್ ಸಿಕ್ಕಿಸಿ, ಆಮೇಲೆ ಅಂಚಿಗೆ ಬಿಡುತ್ತಾರೆ. ಹಾಗೆ ಸಿಕ್ಕಿಸದೆ 'ಬನ್ನಿ ಬನ್ನಿ, ಏನೂ ಆಗುವುದಿಲ್ಲ' ಎಂದು ಅಂಚಿಗೆ ಕರೆದರೆ ಹೋಗಬೇಡಿ.

ಬಿರುಕುಗಳು ಹುಟ್ಟುವುದು ಹೇಗೆಂದು ತಿಳಿದರೆ ಭಯ ಅರ್ಧ ಇಳಿಯುತ್ತದೆ ಎಂಬುದು ನನ್ನ ಅನುಭವ. ವರ್ಷಗಟ್ಟಲೆ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿ, ನಡುವಿನ ಗಾಳಿಯನ್ನು ಹಿಂಡಿ, ಮಂಜುಗಡ್ಡೆಯಾಗುತ್ತದೆ. ದಪ್ಪ ಸಾಕಷ್ಟಾದ ಮೇಲೆ ಅದು ಇಳಿಜಾರಿನಲ್ಲಿ ಹರಿಯತೊಡಗುತ್ತದೆ. ಇದು ಬರಿಯ ಮಾತಿನ ಹರಿಯುವಿಕೆಯಲ್ಲ. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಮಂಜುಗಡ್ಡೆ ಮುರಿಯದೆ ಬಾಗುತ್ತದೆ, ಗಟ್ಟಿ ಬೆಲ್ಲದ ಪಾಕದಂತೆ ನಿಧಾನಕ್ಕೆ ಸರಿಯುತ್ತದೆ. ಮೇಲಿನ ಸುಮಾರು 30 ಮೀಟರ್‌ಗೆ ಅಷ್ಟು ಒತ್ತಡವಿಲ್ಲ. ಅದು ಗಡುಸು, ಗಾಜಿನಂತೆ ಬಿರಿಯುತ್ತದೆ. ಕೆಳಗಿನ ನೆಲ ಉಬ್ಬಿದಲ್ಲಿ, ಕಣಿವೆ ತಿರುಗಿದಲ್ಲಿ, ಹರಿವು ಚುರುಕಾದಲ್ಲಿ ಮೇಲ್ಪದರ ಹಿಗ್ಗಿ ಸೀಳುತ್ತದೆ. ಆದ್ದರಿಂದ ಬಿರುಕುಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಅವುಗಳಿಗೆ ಜಾಗ ಗೊತ್ತಾಗಿರುತ್ತದೆ, ದಿಕ್ಕೂ ಇರುತ್ತದೆ. ಗೈಡ್‌ಗಳು ಓದುವುದು ಇದನ್ನೇ. ಇವುಗಳಿಗಿಂತ ನನಗೆ ಹೆಚ್ಚು ಭಯ 'ಮೂಲಿನ್' ಎಂದರೆ. ಕರಗಿದ ನೀರು ಸುತ್ತುತ್ತ ಸುತ್ತುತ್ತ ನೆಟ್ಟಗೆ ಕೊರೆದ ಬಾವಿ ಅದು. ಅಂಚು ನೀರಿನಿಂದ ನುಣ್ಣಗಾಗಿರುತ್ತದೆ, ಒಳಗೆ ನೀರು ಧುಮುಕುವ ಸದ್ದು ಕೇಳುತ್ತಿರುತ್ತದೆ, ತಳ ಕಾಣುವುದಿಲ್ಲ. ನೀಲಿ ಬಣ್ಣ ಎಷ್ಟು ಚೆಂದವೆಂದರೆ ಜನ ಫೋನ್ ಹಿಡಿದುಕೊಂಡೇ ಒಂದೊಂದು ಹೆಜ್ಜೆ ಮುಂದೆ ಜರುಗುತ್ತಾರೆ.

ಇನ್ನು ನಿಮ್ಮ ಅಕ್ಕನ ಮಗನ ಮಾತು. ಸೋಲ್ಹೇಮಾಯೋಕುಲ್‌ನ ಅಂಚಿಗೆ ಹೋಗಲು ಬಾಗಿಲಿಲ್ಲ, ಬೇಲಿಯಿಲ್ಲ, ನಿಜ. ಗೈಡ್ ಇಲ್ಲದೆ ಹೋದವರು ಎಷ್ಟೋ ಜನ ಸುಖವಾಗಿ ವಾಪಸು ಬಂದಿದ್ದಾರೆ, ಅದೂ ನಿಜ. ಆದರೆ ಅಂಗಡಿಯಲ್ಲಿ ಸಿಗುವ ರಬ್ಬರಿನ ಮುಳ್ಳಿನ ಪಟ್ಟಿ ಹಿಮ ಕಟ್ಟಿದ ಕಾಲುದಾರಿಗಾಗಿ ಮಾಡಿದ್ದು. ಅದರ ಮುಳ್ಳು ಒಂದು ಸೆಂಟಿಮೀಟರ್ ಆಸುಪಾಸು, ಓರೆ ಮಂಜುಗಡ್ಡೆಯ ಮೇಲೆ ಪಟ್ಟಿಯೇ ಬೂಟಿನಿಂದ ಪಕ್ಕಕ್ಕೆ ಜಾರಿಬಿಡುತ್ತದೆ. ಅದಕ್ಕಿಂತ ದೊಡ್ಡ ವಿಷಯ ಹಿಮನದಿಯ ಅಂಚು. ಸೋಲ್ಹೇಮಾಯೋಕುಲ್ ಹಿಂದೆ ಸರಿಯುತ್ತಿದೆ. ಹತ್ತಿರದ ಹ್ವೋಲ್ಸ್‌ವೊಲ್ಲೂರ್ ಎಂಬ ಊರಿನ ಶಾಲೆಯ ಮಕ್ಕಳು 2010ರಿಂದ ಪ್ರತಿವರ್ಷ ಬಂದು ಅದು ಎಷ್ಟು ಹಿಂದಕ್ಕೆ ಹೋಯಿತೆಂದು ಅಳೆಯುತ್ತಿದ್ದಾರೆ. ಅದು ಬಿಟ್ಟುಕೊಟ್ಟ ಜಾಗದಲ್ಲಿ ಈಗ ಸರೋವರವೇ ನಿಂತಿದೆ. ಅಂಚಿನ ಮಂಜುಗಡ್ಡೆಯ ಅಡಿಯನ್ನು ನೀರು ತಿಂದಿರುತ್ತದೆ. ಮೇಲಿಂದ ಗಟ್ಟಿ ಗೋಡೆ, ಕೆಳಗೆ ಗವಿ. ಪಕ್ಕದ ಜಲ್ಲಿ-ಮರಳಿನ ಕೆಳಗೂ ಹಳೆಯ ಮಂಜುಗಡ್ಡೆ ಹೂತಿದ್ದು ಕರಗುತ್ತಿದ್ದರೆ ಆ ಮರಳು ಕೆಸರಿನಂತೆ ಕಾಲನ್ನು ಹಿಡಿದು ಎಳೆಯುತ್ತದೆ. ನೆಲದಿಂದ ಮಂಜುಗಡ್ಡೆಗೆ ಹತ್ತುವ ಆ ಮೊದಲ ಐವತ್ತು ಹೆಜ್ಜೆಗಳೇ ಇಡೀ ನಡಿಗೆಯ ಅತಿ ಕಷ್ಟದ ಭಾಗ. ಗೈಡ್ ಇಲ್ಲದೆ ಹೋಗುವವರು ಅಡ್ಡಾಡುವುದೂ ಅಲ್ಲಿಯೇ. ಕೆಲವು ವರ್ಷ ಹಿಂದೆ ಹೋಗಿಬಂದವರು ಹೇಳಿದ ದಾರಿಯನ್ನೂ ನಂಬಬೇಡಿ. ಅವರು ನಡೆದ ಜಾಗದಲ್ಲಿ ಇಂದು ನೀರಿರಬಹುದು.

ಒಂದು ಬೆಳಗಿನ ಪ್ರಸಂಗ ಹೇಳುತ್ತೇನೆ. ಹಿಂದಿನ ಮಧ್ಯಾಹ್ನ ನಾವಿಬ್ಬರು ಗೈಡ್‌ಗಳು ಒಂದು ಏರಿನಲ್ಲಿ ಐಸ್ ಆ್ಯಕ್ಸ್‌ನಿಂದ ಕಡಿದು ಕಡಿದು ಇಪ್ಪತ್ತಕ್ಕೂ ಹೆಚ್ಚು ಮೆಟ್ಟಿಲು ಮಾಡಿದ್ದೆವು. ಮನೆಯ ಮೆಟ್ಟಿಲಿಗೂ ಅಷ್ಟು ಅಂದ ಇರುವುದಿಲ್ಲ, ಹೊರಡುವ ಮುನ್ನ ಫೋಟೊ ತೆಗೆದುಕೊಂಡೆವು. ರಾತ್ರಿ ಬೆಚ್ಚನೆಯ ಮಳೆ ಬಂತು. ಬೆಳಗ್ಗೆ ಹನ್ನೆರಡು ಜನರನ್ನು ಹಿಂದಿಟ್ಟುಕೊಂಡು ಅಲ್ಲಿಗೆ ಹೋದರೆ ಮೆಟ್ಟಿಲುಗಳ ಗುರುತೂ ಇಲ್ಲ. ಆ ಜಾಗದಲ್ಲಿ ಮಕ್ಕಳ ಜಾರುಬಂಡೆಯಂತೆ ಹೊಳೆಯುವ ಇಳಿಜಾರು, ಅದರ ಕೆಳತುದಿಯಲ್ಲಿ ಹಿಂದಿನ ದಿನ ಇಲ್ಲದಿದ್ದ ಹೊಳೆ. ಬೇಸಿಗೆಯಲ್ಲಿ ಹಿಮನದಿಯ ಮೇಲ್ಮೈ ದಿನಕ್ಕೆ ಕೆಲವು ಸೆಂಟಿಮೀಟರ್ ಕರಗುತ್ತದೆ. ಮಳೆ, ಗಾಳಿ ಸೇರಿದರೆ ಇನ್ನೂ ಹೆಚ್ಚು. ಬೇರೆ ದಾರಿ ಹುಡುಕಲು ಅರ್ಧ ಗಂಟೆ ಹಿಡಿಯಿತು. ಗುಂಪಿನಲ್ಲಿದ್ದ ಒಬ್ಬರು ಗಡಿಯಾರ ನೋಡಿಕೊಳ್ಳುತ್ತ, 'ನಿನ್ನೆ ಬಂದವರು ಇಲ್ಲೇ ಹತ್ತಿದ್ದರಂತಲ್ಲ' ಎಂದು ಗೊಣಗಿದರು. ನಿನ್ನೆ ಹತ್ತಿದ್ದು ನಿಜವೇ. ಹಿಮನದಿಯಲ್ಲಿ ನಿನ್ನೆಯ ದಾರಿ ಎಂದರೆ ನಿನ್ನೆಯ ಪತ್ರಿಕೆಯ ಹವಾಮಾನ ವರದಿಯಂತೆ. ನೀವು ಹಣ ಕೊಡುವುದು ಆ ಅರ್ಧ ಗಂಟೆಯ ಹುಡುಕಾಟಕ್ಕೆ.

ಈಗ ಮೊಣಕಾಲು. ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಕ್ರ್ಯಾಂಪಾನ್ ತೊಟ್ಟ ಕಾಲು ಜಾರುವುದಿಲ್ಲ, ಅದೇ ಅದರ ಗುಣ. ಮೆನಿಸ್ಕಸ್ ಹರಿದವರಿಗೆ ಅದೇ ತೊಡಕು ಕೂಡ. ಬೂಟು ನೆಲದಲ್ಲಿ ಸ್ವಲ್ಪ ಜಾರುವಂತಿದ್ದರೆ ನೀವು ಮೈ ತಿರುಗಿಸಿದಾಗ ಪಾದವೂ ಜೊತೆಯಲ್ಲಿ ತಿರುಗುತ್ತದೆ. ಹತ್ತು ಹನ್ನೆರಡು ಉಕ್ಕಿನ ಮುಳ್ಳುಗಳು ಮಂಜುಗಡ್ಡೆಯಲ್ಲಿ ನಾಟಿದ ಮೇಲೆ ಪಾದ ಇದ್ದಲ್ಲೇ ಉಳಿಯುತ್ತದೆ, ಮೈ ತಿರುಗುತ್ತದೆ, ನಡುವಿನ ತಿರುಚಾಟವನ್ನೆಲ್ಲ ಮೊಣಕಾಲು ನುಂಗುತ್ತದೆ. ಯಾರೋ ಹಿಂದಿನಿಂದ ಕರೆದರೆಂದು ಥಟ್ಟನೆ ಹಿಂತಿರುಗುತ್ತೀರಲ್ಲ, ಆ ಕ್ಷಣ. ಹಿಂದಿರುಗಬೇಕಾದರೆ ಪಾದಗಳನ್ನು ಎತ್ತಿ ಎತ್ತಿ, ಸಣ್ಣ ಸಣ್ಣ ಹೆಜ್ಜೆಯಲ್ಲಿ ಇಡೀ ಮೈಯನ್ನೇ ತಿರುಗಿಸಿ. ಎಲ್ಲ ಗೈಡ್‌ಗಳೂ ಇದನ್ನು ಹೇಳಿಕೊಡುವುದಿಲ್ಲ, ಅವರ ಲಕ್ಷ್ಯವೆಲ್ಲ ಜಾರದಿರುವುದರ ಮೇಲೆ.

ಇಳಿಯುವುದಕ್ಕೂ ಒಂದು ರೀತಿಯಿದೆ. ಮೆಟ್ಟಿಲು ಇಳಿಯುವಾಗ ನಾವು ಹಿಮ್ಮಡಿಯನ್ನೋ ಬೆರಳ ತುದಿಯನ್ನೋ ಮೊದಲು ಊರುತ್ತೇವೆ. ಇಲ್ಲಿ ಎರಡೂ ಕೂಡದು. ಇಡೀ ಅಂಗಾಲು ಒಮ್ಮೆಗೇ, ಎಲ್ಲ ಮುಳ್ಳುಗಳೂ ನಾಟುವಂತೆ, ಕೊಂಚ ಗದರಿಸಿ ಇಟ್ಟ ಹಾಗೆ ಇಡಬೇಕು. ಮೊಣಕಾಲು ಸಡಿಲವಾಗಿ ಬಾಗಿರಬೇಕು, ಬೆರಳು ಇಳಿಜಾರಿನ ಕಡೆಗೇ ಇರಬೇಕು, ಎರಡು ಪಾದಗಳ ನಡುವೆ ಗೇಣು ಅಂತರ ಇರಬೇಕು. 1908ರಲ್ಲಿ ಆಸ್ಕರ್ ಎಕೆನ್‌ಸ್ಟೈನ್ ಎಂಬ ಎಂಜಿನಿಯರ್ ಹತ್ತು ಮುಳ್ಳಿನ ಕ್ರ್ಯಾಂಪಾನ್ ರೂಪಿಸಿದ ಮೇಲೆ ಚಾರಣಿಗರಲ್ಲಿ ಬೆಳೆದು ಬಂದ ನಡಿಗೆ ಇದು. ಮೊದಲ ಹತ್ತು ನಿಮಿಷ ಬಾತುಕೋಳಿಯಂತೆ ನಡೆಯುತ್ತಿದ್ದೇನೆ ಅನ್ನಿಸುತ್ತದೆ. ಅನ್ನಿಸಲಿ, ಎಲ್ಲರೂ ಹಾಗೆಯೇ ಕಾಣುತ್ತಿರುತ್ತಾರೆ. ಆ ಗೇಣು ಅಂತರವೂ ಸುಮ್ಮನೆ ಹೇಳಿದ್ದಲ್ಲ. ನನ್ನ ಕಣ್ಣೆದುರು ಆದ ಬೀಳುಗಳಲ್ಲಿ ಹೆಚ್ಚಿನವು ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿಕೊಂಡು ಆದವು. ಅಗಲ ಅಂಚಿನ ಪ್ಯಾಂಟ್ ಹಾಕಿದ್ದರೆ ಕಾಲ್ಚೀಲದೊಳಗೆ ತುರುಕಿಬಿಡಿ. ಚೆಂದ ಕಾಣಲಿಕ್ಕಿಲ್ಲ, ಪರವಾಗಿಲ್ಲ.

ಕ್ರ್ಯಾಂಪಾನ್ ಕಟ್ಟುವಾಗ ಅವಸರ ಮಾಡಬೇಡಿ. ವಾಹನ ನಿಲ್ಲಿಸುವ ಜಾಗದಲ್ಲಿ ಅಳತೆ ನೋಡುತ್ತಾರೆ, ತೊಡುವುದು ಮಂಜುಗಡ್ಡೆಯ ಅಂಚು ತಲುಪಿದ ಮೇಲೆ. ಬೂಟಿನ ತುದಿಗೂ ಕ್ರ್ಯಾಂಪಾನಿನ ತುದಿಗೂ ನಡುವೆ ಸಂದು ಇರಬಾರದು. ಪಟ್ಟಿ ಬಿಗಿದ ಮೇಲೆ ಉಳಿದ ತುದಿ ಜೋತಾಡುತ್ತಿದ್ದರೆ ಅದನ್ನು ಒಳಗೆ ಸಿಕ್ಕಿಸಿ. ಬಿಗಿಯಾದ ಮೇಲೆ ಕಾಲೆತ್ತಿ ಜೋರಾಗಿ ಅಲ್ಲಾಡಿಸಿ ನೋಡಿ: ಕ್ರ್ಯಾಂಪಾನ್ ಗಲಗಲ ಎಂದರೆ ಗೈಡ್‌ಗೆ ಹೇಳಿ. 'ಪರವಾಗಿಲ್ಲ, ಸರಿಯಿದೆ' ಎಂದು ಸುಮ್ಮನಾದವರ ಕ್ರ್ಯಾಂಪಾನ್ ನಡು ಇಳಿಜಾರಿನಲ್ಲಿ ಕಳಚಿ ಬೀಳುವುದನ್ನು ಸಾಕಷ್ಟು ಕಂಡಿದ್ದೇನೆ. ಬೂಟು ಗಿಣ್ಣಿನ ಮೇಲೆ ಬರಬೇಕು, ಅಡಿ ಬಾಗದಂತಿರಬೇಕು. ಓಟದ ಬೂಟು ನಡೆಯುವುದಿಲ್ಲ. ಇಲ್ಲದಿದ್ದರೆ ನಡಿಗೆ ಏರ್ಪಡಿಸುವವರೇ ಸಾಮಾನ್ಯವಾಗಿ ಬಾಡಿಗೆಗೆ ಕೊಡುತ್ತಾರೆ.

ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ನಾಲ್ಕು ಮಹಡಿ ಮೆಟ್ಟಿಲು ಹತ್ತಿ, ನಿಲ್ಲದೆ ಇಳಿಯಿರಿ. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಆ ಹೊತ್ತಿನ ನೋವಿಗಿಂತ ಮರುದಿನ ಬೆಳಗ್ಗೆ ಮೊಣಕಾಲು ಊದಿದೆಯೇ ಎಂಬುದು ಮುಖ್ಯ. ಊದದಿದ್ದರೆ ಮೂರು ಗಂಟೆಯ ನಡಿಗೆಗೆ ನನ್ನ ಒಪ್ಪಿಗೆಯಿದೆ. ಆ ಮೂರು ಗಂಟೆಯಲ್ಲಿ ಮಂಜುಗಡ್ಡೆಯ ಮೇಲಿರುವುದು ಒಂದು, ಒಂದೂವರೆ ಗಂಟೆ ಮಾತ್ರ. ಉಳಿದದ್ದು ಸಾಮಾನು ತೊಡುವುದು, ಅಂಚಿನವರೆಗಿನ ಜಲ್ಲಿ ದಾರಿ. ಊದಿದರೆ ನಿಮ್ಮ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ಆಮೇಲೆ ನಿರ್ಧರಿಸಿ. ನಡೆಯುವಾಗ ಮೊಣಕಾಲು ಇದ್ದಕ್ಕಿದ್ದಂತೆ ಹಿಡಿದುಕೊಂಡು ನೆಟ್ಟಗಾಗದೆ ನಿಲ್ಲುವುದು, ಅಥವಾ ಕೈಕೊಟ್ಟು ಕುಸಿಯುವುದು ಈಗಲೂ ಉಂಟೇ? ಹಾಗಿದ್ದರೆ ಈ ಸಲ ಬೇಡ. ನಡುವಿನಲ್ಲಿ ಕೂತುಬಿಟ್ಟರೆ ಅಲ್ಲಿಗೆ ಆಟೊ ಬರುವುದಿಲ್ಲ, ನಾಲ್ಕು ಜನ ಹೊತ್ತು ತರಬೇಕು, ಆ ನಾಲ್ವರ ಕಾಲ ಕೆಳಗಿರುವುದೂ ಅದೇ ಮಂಜುಗಡ್ಡೆ.

ಗೈಡ್‌ಗೆ ಹೇಳಿ ಎಂದೆನಲ್ಲ, ಅದು ಸೌಜನ್ಯಕ್ಕಲ್ಲ. ಒಮ್ಮೆ ನನ್ನ ಗುಂಪಿನಲ್ಲಿದ್ದ ಅರವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ಅತ್ಯಂತ ಉತ್ಸಾಹದಿಂದ ನನ್ನ ಬೆನ್ನಿಗೇ ನಡೆಯುತ್ತಿದ್ದರು. ಎಲ್ಲಕ್ಕಿಂತ ದೂರದ ತಿರುವಿನಲ್ಲಿ ನಿಂತು ಬೆವರುತ್ತ ಹೇಳಿದರು: ಎಂಟು ತಿಂಗಳ ಹಿಂದೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆಯಂತೆ. ಬೆಳಗ್ಗೆಯೇ ಹೇಳಿದ್ದರೆ ನಾನು ಎಡಗಡೆಯ ಮೆಲ್ಲನೆಯ ಇಳಿಜಾರಿನ ದಾರಿ ಹಿಡಿಯುತ್ತಿದ್ದೆ. ಇಪ್ಪತ್ತು ನಿಮಿಷ ಹೆಚ್ಚಾಗುತ್ತಿತ್ತು, ಅಷ್ಟೇ. ಹೇಳಿದರೆ ವಾಪಸು ಕಳಿಸಿಬಿಡುತ್ತಾರೆಂದು ಅವರು ಹೆದರಿದ್ದರು. ಹಾಗೆ ಕಳಿಸುವುದು ತೀರ ಅಪರೂಪ. ಗೈಡ್‌ಗೆ ಗೊತ್ತಿದ್ದರೆ ನಿಮ್ಮನ್ನು ಸಾಲಿನಲ್ಲಿ ತನ್ನ ಹಿಂದೆಯೇ ಇಟ್ಟುಕೊಳ್ಳುತ್ತಾನೆ, ನಿಮ್ಮ ಹೆಜ್ಜೆಯೇ ಇಡೀ ಗುಂಪಿನ ವೇಗವಾಗುತ್ತದೆ. ಮಡಚುವ ಊರುಗೋಲು ತರಬಹುದೇ ಎಂದು ಮೊದಲೇ ಬರೆದು ಕೇಳಿ, ಇಳಿಯುವಾಗ ಎಡಗಾಲಿನ ಭಾರ ತಗ್ಗುತ್ತದೆ. ದುಡ್ಡಿನ ಅನುಕೂಲವಿದ್ದರೆ ನಿಮ್ಮ ಮೂವರಿಗಷ್ಟೇ ಗೈಡ್ ಗೊತ್ತುಮಾಡಿಕೊಳ್ಳುವುದು ಎಲ್ಲಕ್ಕಿಂತ ನಿಶ್ಚಿಂತೆ. ಹಿಂದಿನವರು ಕಾಯುತ್ತಿದ್ದಾರೆಂಬ ಸಂಕೋಚವೇ ಮೊಣಕಾಲಿನ ದೊಡ್ಡ ಶತ್ರು. ಐದು ಗಂಟೆಯ ದೊಡ್ಡ ನಡಿಗೆ, ಮಂಜುಗಡ್ಡೆಯ ಗೋಡೆ ಹತ್ತುವುದು, ಇವಕ್ಕೆ ಮಗಳು ಬೇಕಾದರೆ ಹೋಗಲಿ. ನೀವು ಬೇಡ.

ಹಿಮಗುಹೆಗೆ ಯಾಕೆ ಬೇಡ ಎಂದೆ? ಐಸ್‌ಲ್ಯಾಂಡಿನ ನೈಸರ್ಗಿಕ ನೀಲಿ ಗುಹೆಗಳು ಹೆಚ್ಚಾಗಿ ಕರಗಿದ ನೀರು ಕೊರೆದ ಸುರಂಗಗಳು. ಚಳಿಗಾಲದಲ್ಲಿ ನೀರು ನಿಂತು ಮಂಜುಗಡ್ಡೆ ಬಿಗಿದ ಮೇಲೆ, ಸಾಮಾನ್ಯವಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ, ಅವುಗಳೊಳಗೆ ಹೋಗುವುದಕ್ಕೆ ಒಂದು ಅರ್ಥವಿದೆ. ಬೇಸಿಗೆಯಲ್ಲಿ ಅದೇ ಚಾವಣಿ ಮೇಲಿನಿಂದಲೂ ಕರಗುತ್ತಿರುತ್ತದೆ, ಒಳಗಿನಿಂದಲೂ ಕರಗುತ್ತಿರುತ್ತದೆ. 2024ರ ಆಗಸ್ಟ್ 25ರಂದು ಬ್ರೈದಾಮೆರ್ಕುರ್‌ಯೋಕುಲ್ ಎಂಬ ಹಿಮನದಿಯಲ್ಲಿ ಗೈಡ್ ಜೊತೆಗೇ ಹೋಗಿದ್ದ ಪ್ರವಾಸಿಗರ ಮೇಲೆ ಮಂಜುಗಡ್ಡೆ ಕುಸಿಯಿತು. ಒಬ್ಬರು ತೀರಿಕೊಂಡರು, ಅವರ ಜೊತೆಗಾರ್ತಿಗೆ ಪೆಟ್ಟಾಯಿತು. ಇನ್ನೂ ಇಬ್ಬರು ಅಡಿಯಲ್ಲಿದ್ದಾರೆಂದು ರಕ್ಷಣಾ ತಂಡದವರು ಮರುದಿನದವರೆಗೂ ಟನ್‌ಗಟ್ಟಲೆ ಮಂಜುಗಡ್ಡೆಯನ್ನು ಕೈಯಿಂದ ಕಡಿದು ತೆಗೆದರು. ಕೊನೆಗೆ ನೋಡಿದರೆ ಗುಂಪಿನಲ್ಲಿದ್ದದ್ದು 25 ಜನರಲ್ಲ, 23. ಅಡಿಯಲ್ಲಿ ಯಾರೂ ಇರಲಿಲ್ಲ, ತಪ್ಪಿದ್ದು ಲೆಕ್ಕ. ನಿಮ್ಮ ಗೈಡ್ ಹೊರಡುವಾಗ ತಲೆ ಎಣಿಸುತ್ತಾರೆಯೇ, ಪಟ್ಟಿಯ ಹೆಸರಿಗೆ ಹೊಂದಿಸಿ ನೋಡುತ್ತಾರೆಯೇ ಎಂದು ಸುಮ್ಮನೆ ಗಮನಿಸಿ. ಎಣಿಸದಿದ್ದರೆ ಅದೊಂದೇ ನನಗೆ ಸಾಕಷ್ಟು ಹೇಳುತ್ತದೆ.

ಮಂಜುಗಡ್ಡೆಯ ಮೇಲೆ ನಡೆಯುವುದೇ ಬೇರೆ, ಅದರ ಅಡಿಯಲ್ಲಿ ನಿಲ್ಲುವುದೇ ಬೇರೆ. ಮೇಲೆ ನಡೆಯುವಾಗ ಅಪಾಯ ಬಹುಪಾಲು ನಿಮ್ಮ ಕಾಲಿನಲ್ಲಿ ಇರುತ್ತದೆ, ತಿದ್ದಿಕೊಳ್ಳಬಹುದು. ಅಡಿಯಲ್ಲಿ ನಿಂತವರಿಗೆ ತಿದ್ದಿಕೊಳ್ಳುವ ಅವಕಾಶವಿಲ್ಲ. 2022ರ ಜುಲೈ 3ರಂದು ಇಟಲಿಯ ಮಾರ್ಮೊಲಾಡಾದಲ್ಲಿ ಹಿಮನದಿಯ ಒಂದು ಭಾಗವೇ ಕಳಚಿ ಬಿದ್ದು 11 ಪರ್ವತಾರೋಹಿಗಳು ಸತ್ತರು. ಅವರ ಪಾದದಡಿಯಲ್ಲಿ ಏನೂ ಕೆಟ್ಟಿರಲಿಲ್ಲ, ಕೆಟ್ಟದ್ದು ತಲೆಯ ಮೇಲಿತ್ತು. ಸೋಲ್ಹೇಮಾಯೋಕುಲ್‌ನ ಕೆಳಭಾಗದ ಸಣ್ಣ ನಡಿಗೆಯಲ್ಲಿ ಹಾಗೆ ತಲೆಯ ಮೇಲೆ ತೂಗುವ ಮಂಜುಗಡ್ಡೆಯ ಕೆಳಗೆ ಹೋಗಬೇಕಾದ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ. ನಡುವೆ ಯಾವುದಾದರೂ ನೀಲಿ ಕಮಾನು ಕಂಡರೆ ಮಗಳು ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಓಡಬಹುದು. ಗೈಡ್ ಹೇಳದ ಹೊರತು ಬೇಡ ಎನ್ನಿ.

ಗೈಡ್ ಎಂಥವರೆಂದು ನೋಡುವುದು ಹೇಗೆ? ಕೆಲವರು ಅಂತರರಾಷ್ಟ್ರೀಯ ಪರ್ವತ ಮಾರ್ಗದರ್ಶಕರ ಬಿಲ್ಲೆಯೇ ಬೇಕೆಂದು ಹಟ ಹಿಡಿಯುತ್ತಾರೆ. ಸಣ್ಣ ನಡಿಗೆಗೆ ಅಷ್ಟು ಬೇಕಿಲ್ಲ. ಐಸ್‌ಲ್ಯಾಂಡಿನ ಪರ್ವತ ಮಾರ್ಗದರ್ಶಕರ ಸಂಘ ಹಿಮನದಿ ಗೈಡ್‌ಗಳಿಗೆಂದೇ ಹಂತಹಂತವಾಗಿ ತರಬೇತಿ, ಪರೀಕ್ಷೆ ನಡೆಸುತ್ತದೆ. ನಿಮ್ಮ ಗೈಡ್ ಯಾವ ಹಂತ ಮುಗಿಸಿದ್ದಾರೆ, ಒಬ್ಬರಿಗೆ ಎಷ್ಟು ಜನ ಎಂದು ಕೇಳಿದರೆ ಸರಿಯಾದವರು ಸಂತೋಷದಿಂದ ಹೇಳುತ್ತಾರೆ. ಒಬ್ಬ ಗೈಡ್‌ಗೆ ಹತ್ತು ದಾಟಿದರೆ ಹಿಂದಿನವರ ಕಾಲು ಮುಂದಿರುವವರಿಗೆ ಕಾಣುವುದಿಲ್ಲ, ಅದು ನನ್ನ ಲೆಕ್ಕ. ಹವಾಮಾನ ಕೆಟ್ಟು ನಡಿಗೆ ರದ್ದಾದರೆ ಹಣ ವಾಪಸು ಉಂಟೇ ಎಂದೂ ಕೇಳಿ. ಇದನ್ನು ಕೇಳುವುದು ಜಿಪುಣತನವೆಂದು ತಿಳಿಯಬೇಡಿ. ವಾಪಸು ಕೊಡುವ ಪದ್ಧತಿ ಇರುವ ಕಡೆ ಗೈಡ್‌ಗೆ 'ಇವತ್ತು ಬೇಡ' ಎನ್ನುವುದು ಸುಲಭ. ಅಲ್ಲಿ ನಡಿಗೆ ಕೆಡಿಸುವುದು ಚಳಿಗಿಂತ ಗಾಳಿ. ಪ್ರವಾಸ ವಿಮೆಯ ಷರತ್ತುಗಳನ್ನೂ ಓದಿ. ಎಷ್ಟೋ ವಿಮೆಗಳು ಪರ್ವತಾರೋಹಣ ಎಂಬ ಒಂದೇ ಪದದಡಿ ಕ್ರ್ಯಾಂಪಾನ್ ತೊಟ್ಟು ನಡೆಯುವುದನ್ನೂ ಹೊರಗಿಡುತ್ತವೆ. ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆದಿಟ್ಟುಕೊಳ್ಳಿ.

ಬಟ್ಟೆಯ ಬಗ್ಗೆ ಎರಡೇ ಮಾತು. ಜೀನ್ಸ್ ಮತ್ತು ಹತ್ತಿಯ ಒಳಬಟ್ಟೆ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಉಣ್ಣೆ ಅಥವಾ ಸಿಂಥೆಟಿಕ್, ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್ ಸಾಕು. ಕೈಗವಸು ಬಿಸಿಲಿದ್ದರೂ ಬೇಕು: ಆ ಮಂಜುಗಡ್ಡೆಯ ಮೇಲ್ಮೈ ತುರಿಮಣೆಯಂತೆ, ಅಂಗೈ ಊರಿ ಬಿದ್ದರೆ ಚರ್ಮ ಸುಲಿಯುತ್ತದೆ. ತಂಪು ಕನ್ನಡಕವನ್ನೂ ಮರೆಯಬೇಡಿ. ಮತ್ತೊಂದು, ಯಾರೂ ಕೇಳದ ಆದರೆ ಎಲ್ಲರಿಗೂ ಬೇಕಾದ ಮಾಹಿತಿ: ಮೇಲೆ ಶೌಚಾಲಯವಿಲ್ಲ, ಹಾರ್ನೆಸ್ ತೊಡುವ ಮೊದಲೇ ಮುಗಿಸಿಕೊಳ್ಳಿ.

ನಿಮ್ಮ ಯಜಮಾನರು ಇನ್ನೂ ಒಂದು ವಿಡಿಯೊ ಹುಡುಕಿ ತಂದಾರು, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಸೋಲ್ಹೇಮಾಯೋಕುಲ್ ಇಳಿದು ಬರುವುದು ಮಿರ್ದಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮರಾಶಿಯಿಂದ. ಅದರ ಅಡಿಯಲ್ಲಿ ಕಾಟ್ಲಾ ಎಂಬ ಜ್ವಾಲಾಮುಖಿ ಇದೆ. ಕಾಟ್ಲಾ ಕೊನೆಯ ಬಾರಿ ದೊಡ್ಡದಾಗಿ ಸಿಡಿದದ್ದು 1918ರಲ್ಲಿ. 1999ರ ಜುಲೈನಲ್ಲಿ ಅಡಿಯ ಶಾಖಕ್ಕೆ ಕರಗಿದ ನೀರು ಒಮ್ಮೆಲೇ ಸೋಲ್ಹೇಮಾಯೋಕುಲ್ ಕೆಳಗಿನಿಂದ ನುಗ್ಗಿ ಹೊಳೆಗೆ ಪ್ರವಾಹ ಬಂದಿತ್ತು. ಆ ಹೊಳೆಗೆ ಗಂಧಕದ ವಾಸನೆಯಿಂದಾಗಿ 'ನಾತದ ತೊರೆ' ಎಂಬ ಅಡ್ಡಹೆಸರೇ ಇದೆ. ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬಂದರೆ ಗಾಬರಿಯಾಗಬೇಡಿ, ಜೋರಾಗಿದ್ದರೆ ಗೈಡ್ ಆಗಲೇ ಗಮನಿಸಿರುತ್ತಾರೆ. ಅಲ್ಲಿನ ಹವಾಮಾನ ಇಲಾಖೆ ಕಾಟ್ಲಾದ ಮೇಲೆ ಹಗಲಿರುಳು ಕಣ್ಣಿಟ್ಟಿದೆ. ಅನುಮಾನ ಬಂದರೆ ಆ ಪ್ರದೇಶದಲ್ಲಿರುವ ಮೊಬೈಲ್‌ಗಳಿಗೆ ಎಚ್ಚರಿಕೆಯ ಸಂದೇಶ ಕಳಿಸುವ ವ್ಯವಸ್ಥೆ ಇದೆ. ತುರ್ತು ಕರೆಯ ಸಂಖ್ಯೆ 112.

ಕಪ್ಪು ಬಣ್ಣಕ್ಕೂ ಕಾರಣ ಈ ಜ್ವಾಲಾಮುಖಿಗಳೇ ಎಂದು ಮಗಳಿಗೆ ಹೇಳಿ. ಹಿಂದೆಂದೋ ಸಿಡಿದಾಗ ಹಿಮದ ಮೇಲೆ ಬಿದ್ದ ಬೂದಿ ಪದರ ಪದರವಾಗಿ ಮಂಜುಗಡ್ಡೆಯೊಳಗೆ ಹೂತು, ಹಿಮನದಿಯ ಜೊತೆಗೇ ಕೆಳಗೆ ಹರಿದು ಬಂದು, ಈಗ ಮಂಜುಗಡ್ಡೆ ಕರಗಿದಂತೆ ಮೇಲೆ ಏಳುತ್ತಿದೆ. ತೆಳ್ಳಗೆ ಹರಡಿದ ಬೂದಿ ಬಿಸಿಲು ಹೀರಿ ಕರಗುವುದನ್ನು ಹೆಚ್ಚಿಸುತ್ತದೆ. ದಪ್ಪಗೆ ಕೂತ ಬೂದಿ ಮಾತ್ರ ಕಂಬಳಿಯಂತೆ ತನ್ನ ಅಡಿಯ ಮಂಜುಗಡ್ಡೆಯನ್ನು ಕಾಯುತ್ತದೆ. ಸುತ್ತಲಿನದೆಲ್ಲ ಕರಗಿ ತಗ್ಗಾದಾಗ ಅಷ್ಟು ಜಾಗ ಗೋಪುರದಂತೆ ಎದ್ದು ನಿಲ್ಲುತ್ತದೆ. ನೋಡಿದರೆ ಮಣ್ಣಿನ ಹುತ್ತವೇ. ಮೊಣಕಾಲೆತ್ತರದ್ದೂ ಇರುತ್ತವೆ, ಆಳೆತ್ತರದ್ದೂ ಇರುತ್ತವೆ. ಅಂಥದೊಂದರ ಹತ್ತಿರ ಹೋದಾಗ ಐಸ್ ಆ್ಯಕ್ಸ್‌ನಿಂದ ಮೆಲ್ಲಗೆ ಕೆರೆದು ತೋರಿಸುವಂತೆ ಗೈಡ್‌ಗೆ ಕೇಳಲಿ. ಬೆರಳಷ್ಟು ಕಪ್ಪು ಬೂದಿ ಉದುರಿದ ಕೂಡಲೇ ಒಳಗಿನಿಂದ ಗಾಜಿನಂಥ ಮಂಜುಗಡ್ಡೆ ಹೊಳೆಯುತ್ತದೆ.